ಪ್ರಚಾರದ ವರದಿಗೆ ಹೋಗುವವರ ಗಮನಕ್ಕೆ

ಗೆಳೆಯರೇ, ಗ್ರಾಮ ಪಂಚಾಯಿತಿ ಮತದಾನ 2020ರ ಡಿಸೆಂಬರ್ 22 ಮತ್ತು 27ಕ್ಕೆ, ಎಣಿಕೆ 30ಕ್ಕೆ. ದಾವಣಗೆರೆಯಿಂದ ಹಳ್ಳಿಗಳ ಕಡೆ ಓಡಾಟ ಜಾಸ್ತಿ ಆಗುತ್ತದೆ. ಕೊರೊನಾ ಕಾಲ, ವರದಿಗಾರರಾದ ನಾವೂ ಎಚ್ಚರವಾಗಿರೋಣ.

ನಿನ್ನೆ ಜಯದೇವ ವೃತ್ತದಲ್ಲಿ ನೋಡಿದಿರಲ್ಲ. ಮುಖಂಡರೊಬ್ಬರು ಬೈಟ್ (ಕ್ಯಾಮೆರಾ ಮುಂದೆ ಚಿಕ್ಕ ಹೇಳಿಕೆ) ಕೊಡಲು ಮಾಸ್ಕ್ ಗದ್ದಕ್ಕೆ ಇಳಿಸಿದರು, ಹತ್ತು ಮೈಕ್ ಒಟ್ಟಿಗೇ ಬಾಯಿ ಹತ್ತಿರ ಹೋದವು. ನನ್ನ ಮೈಕಿನ ಸ್ಪಂಜು ಯಾರದೋ ಬೆವರು ಒರೆಸಿಕೊಂಡೇ ವಾಪಸ್ ಬಂತು. ಇನ್ನು ಮೈಕನ್ನು ಕೋಲಿಗೆ ಕಟ್ಟಿ ಆರಡಿ ದೂರದಿಂದಲೇ ಹಿಡಿಯೋಣ. ಪ್ಲಾಸ್ಟಿಕ್ ಕವರ್ ಹಾಕಿ, ಪ್ರತಿ ಸಲ ಬದಲಿಸಿ. ಹಾಲ್ ಒಳಗಿನ ಪತ್ರಿಕಾಗೋಷ್ಠಿಗೆ ಒಂದೇ ಕ್ಯಾಮೆರಾ ಹೋಗಲಿ, ವಿಡಿಯೊ ನಮ್ಮ ಈ ಗ್ರೂಪಿಗೆ ಹಾಕಿದರೆ ಎಲ್ಲರೂ ಬಳಸಬಹುದು. ಎಕ್ಸ್‌ಕ್ಲೂಸಿವ್ ಹುಚ್ಚು ಸ್ವಲ್ಪ ದಿನ ಬಿಡೋಣ, ಅಲ್ವಾ?

ಫೋಟೊ ತೆಗೆಯುವವರಿಗೆ ಒಂದು ಮಾತು. ಜೂಮ್ ಲೆನ್ಸ್‌ನಲ್ಲಿ ದೂರದಿಂದ ತೆಗೆದರೆ, ಅಂತರ ಬಿಟ್ಟು ನಿಂತವರೂ ಅಂಟಿಕೊಂಡಂತೆ ಕಾಣುತ್ತಾರೆ. ‘ಅಂತರ ಮರೆತ ಜನ’ ಎಂದು ಬರೆಯುವ ಮುನ್ನ ಪಕ್ಕದಿಂದಲೋ ಯಾರದಾದರೂ ಮಾಳಿಗೆ ಮೇಲಿಂದಲೋ ಇನ್ನೊಂದು ಚಿತ್ರ ತೆಗೆಯಿರಿ. ಯಾವ ಬಣದ ಸಭೆಯಾದರೂ ಇದೇ ಅಳತೆ. ಮಾಸ್ಕ್ ಇಲ್ಲದವರ ಸುದ್ದಿ ಮಾಡುವ ನಾವೇ ಮಾಸ್ಕ್ ಇಲ್ಲದೆ ಸೆಲ್ಫಿಗೆ ನಿಂತರೆ ಊರಿನವರು ಸುಮ್ನೆ ಬಿಡುವುದಿಲ್ಲ.

ಜ್ವರ, ಕೆಮ್ಮು ಇದ್ದರೆ, ವಾಸನೆ ಗೊತ್ತಾಗದಿದ್ದರೆ ಮನೆಯಲ್ಲೇ ಇರಿ. ನಿಮ್ಮ ಬದಲು ಯಾರು ಹೋಗುತ್ತಾರೆ ಎಂದು ಇಲ್ಲೇ ಕೇಳಿ.