ಹತ್ತು ಸಾವಿರ ಹೆಚ್ಚಾಯಿತೇ? ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟೀ,

ಕುಡಿದು ಗಾಡಿ ಓಡಿಸಿದ್ದಕ್ಕೆ ನಿಮ್ಮ ಆಫೀಸಿನ ಹುಡುಗನಿಗೆ ಪೊಲೀಸರು ಯಂತ್ರಕ್ಕೆ ಊದಿಸಿ ಕೇಸು ಹಾಕಿದ್ದು, ಅವನು ಕೋರ್ಟಿಗೆ ಹೋಗಿ ಹತ್ತು ಸಾವಿರ ಕಟ್ಟಿ ಬಂದದ್ದು, ಅದರ ಮೇಲೆ ನಿಮ್ಮೊಳಗೆ ಎದ್ದ ಜಗಳ, ಎಲ್ಲ ಓದಿದೆ. ಒಬ್ಬರು "ಎರಡು ಬಿಯರಿಗೆ ಇಷ್ಟೊಂದಾ" ಅಂದರೆ ಇನ್ನೊಬ್ಬರು "ಜೈಲಿಗೇ ಹಾಕಬೇಕಿತ್ತು" ಅಂದರಂತೆ. ನೀನು "ಅಮ್ಮನ್ನ ಕೇಳಿ ಹೇಳ್ತೀನಿ" ಅಂದು ತಪ್ಪಿಸಿಕೊಂಡೆ. ಆಗಲಿ, ಅಮ್ಮ ವಕೀಲಳಾಗಿದ್ದಕ್ಕೆ ನಿನಗೂ ಏನಾದರೂ ಲಾಭ ಬೇಕಲ್ಲ.

ನನ್ನ ಪ್ರಕಾರ ದಂಡ ದುಡಿದು ತಿನ್ನುವವನಿಗೆ ಭಾರ, ಸಂಬಳ ಚೆನ್ನಾಗಿರುವವನಿಗೆ ಹಗುರ. ಇಬ್ಬರಿಗೂ ಒಂದೇ ಸಮ ತಟ್ಟುವ ಶಿಕ್ಷೆ ಲೈಸೆನ್ಸು ಕಳೆದುಕೊಳ್ಳುವುದು. ಅದು ಕಾನೂನಿನಲ್ಲಿ ಇದೆ, ಜಾರಿಯಲ್ಲಿ ಸೋರಿಹೋಗುತ್ತದೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡು. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದು ಗಾಡಿ ಓಡಿಸಿದರೆ, ಅಥವಾ ಓಡಿಸಲು ಹೊರಟರೂ, ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ₹10,000 ದಂಡ ಅಥವಾ ಎರಡೂ. ಮತ್ತೆ ಸಿಕ್ಕಿದರೆ ಎರಡು ವರ್ಷದವರೆಗೆ ಜೈಲು ಅಥವಾ ₹15,000 ದಂಡ ಅಥವಾ ಎರಡೂ. ಇದು 2019ರ ತಿದ್ದುಪಡಿ, ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿ. ಅದಕ್ಕೆ ಮೊದಲು ಮೊದಲ ಸಲದ ದಂಡ ಎರಡು ಸಾವಿರದ *ವರೆಗೆ* ಇತ್ತು, ಅಂದರೆ ಮ್ಯಾಜಿಸ್ಟ್ರೇಟರು ಮುಖ ನೋಡಿ, ಕೈ ನೋಡಿ ಇಳಿಸಬಹುದಿತ್ತು. ಈಗ ದಂಡ ಹಾಕುವುದಾದರೆ ಹತ್ತು ಸಾವಿರವೇ. 35 ಮಿಲಿಗ್ರಾಂ ಬಂದವನಿಗೂ ಅಷ್ಟೇ, ನಿಲ್ಲಲಾರದೆ 250 ಬಂದವನಿಗೂ ಅಷ್ಟೇ. ರಾತ್ರಿ ಡೆಲಿವರಿ ಮಾಡುವ ಹುಡುಗನಿಗೆ ಅದು ಮನೆ ಬಾಡಿಗೆ. ನಿಮ್ಮ ಗುಂಪಿನವರಿಗೆ ಆ ರಾತ್ರಿಯ ಬಿಲ್ಲೇ ಅದಕ್ಕಿಂತ ಹೆಚ್ಚಾಗಿರುತ್ತದೆ.

2019ರಲ್ಲಿ ಜನ ಗಲಾಟೆ ಮಾಡಿದಾಗ ಕರ್ನಾಟಕ ಸರ್ಕಾರ ಹೆಲ್ಮೆಟ್, ಸೀಟ್ ಬೆಲ್ಟ್ ಇತ್ಯಾದಿ ಹಲವು ದಂಡ ಇಳಿಸಿತು, ಇದನ್ನು ಮಾತ್ರ ಮುಟ್ಟಲಾಗಲಿಲ್ಲ. ಸ್ಥಳದಲ್ಲೇ ರಾಜಿಯಾಗಿ ಕಟ್ಟಿ ಮುಗಿಸುವ ಅಪರಾಧಗಳ ಪಟ್ಟಿಯಲ್ಲಿ 185 ಇಲ್ಲ. ರಸ್ತೆಯಲ್ಲಿ ಯಾರಾದರೂ "ಇಲ್ಲೇ ಕಟ್ಟಿಬಿಡಿ, ಕೋರ್ಟು ಬೇಡ" ಅಂದರೆ ಅದು ದಂಡವಲ್ಲ, ಬೇರೆ ಏನೋ. ಹಣ ಕೊಡಬೇಡ.

ಇನ್ನು ಎರಡು ಬಿಯರಿನ ಲೆಕ್ಕ. 650 ಮಿಲಿಯ ಶೇ. 5ರ ಬಾಟಲಿಯಲ್ಲಿ ಸುಮಾರು 25.6 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ಎರಡಕ್ಕೆ 51. ಎಪ್ಪತ್ತು ಕೆಜಿಯ ಗಂಡಸಿನ ದೇಹದಲ್ಲಿ ಅದು ಹರಡಿದರೆ 100 ಮಿಲಿ ರಕ್ತಕ್ಕೆ 107 ಮಿಲಿಗ್ರಾಂ. ಯಕೃತ್ತು ಗಂಟೆಗೆ ಸುಮಾರು 15 ಮಿಲಿಗ್ರಾಂ ಇಳಿಸುತ್ತದೆ, ಆದ್ದರಿಂದ ಎರಡು ಗಂಟೆ ಕೂತು ಕುಡಿದು ಎದ್ದರೂ 75ರ ಮೇಲೆ, ಮಿತಿಯ ಎರಡೂವರೆ ಪಟ್ಟು. ನಿನ್ನಂಥ ಐವತ್ತೈದು ಕೆಜಿಯ ಹೆಣ್ಣುಮಗಳಿಗೆ ಲೆಕ್ಕ ಇನ್ನೂ ಬಿಗಿ, ಯಾಕೆಂದರೆ ಹೆಂಗಸರ ದೇಹದಲ್ಲಿ ನೀರಿನ ಪಾಲು ಕಡಿಮೆ. ಶೇ. 42.8ರ ವಿಸ್ಕಿ 30 ಮಿಲಿ, ಒಂದೇ ಸಣ್ಣ ಪೆಗ್, ನಿನ್ನನ್ನು 30ರ ಆಸುಪಾಸಿಗೆ ತಂದು ನಿಲ್ಲಿಸುತ್ತದೆ. ಶೇ. 8ರ ಸ್ಟ್ರಾಂಗ್ ಬಿಯರ್ ಒಂದು ಬಾಟಲಿ ಪೂರ್ತಿ ಕುಡಿದರೆ 130ರ ಮೇಲೆ. ಇದೆಲ್ಲ ಅಂದಾಜು. ಹೊಟ್ಟೆಯಲ್ಲಿ ಅನ್ನ ಇದ್ದರೆ ಏರುವುದು ನಿಧಾನ, ಆದರೆ ಒಳಗೆ ಹೋದದ್ದು ಹೋದದ್ದೇ. ಮಜ್ಜಿಗೆ, ನಿಂಬೆಹಣ್ಣು, ಕಾಫಿ, ತಣ್ಣೀರ ಸ್ನಾನ, ಯಾವುದೂ ಯಕೃತ್ತಿಗೆ ಅವಸರ ಮಾಡಲಾರದು.

ಬೆಳಗಿನ ಕೇಸುಗಳು ಹುಟ್ಟುವುದು ಇಲ್ಲೇ. ಕ್ವಾರ್ಟರ್ ಅಂದರೆ 180 ಮಿಲಿ, ಅದೇ ಎಪ್ಪತ್ತು ಕೆಜಿಯವನಿಗೆ 128 ಮಿಲಿಗ್ರಾಂ. ಮೂವತ್ತಕ್ಕೆ ಇಳಿಯಲು ಆರೂವರೆ ಗಂಟೆ ಬೇಕು. ರಾತ್ರಿ ಒಂದಕ್ಕೆ ಮುಗಿಸಿ ಮಲಗಿದ ಶಾಲಾ ವ್ಯಾನಿನ ಡ್ರೈವರು ಏಳಕ್ಕೆ ಸ್ಟೇರಿಂಗ್ ಹಿಡಿದಾಗ ತಾನು ನಿದ್ದೆ ಮಾಡಿ ಎದ್ದಿದ್ದೇನೆ ಅಂದುಕೊಂಡಿರುತ್ತಾನೆ. ಬೆಂಗಳೂರು ಸಂಚಾರ ಪೊಲೀಸರು ಶಾಲಾ ವಾಹನಗಳ ಚಾಲಕರಿಗೆ ಬೆಳಗ್ಗೆಯೇ ಊದಿಸುವುದು ಇದಕ್ಕೇ. ನನ್ನನ್ನು ಕೇಳಿದರೆ ರಾತ್ರಿಯ ನಾಕಾಬಂದಿಗಿಂತ ಅದೇ ಹೆಚ್ಚು ಉಪಯೋಗದ ಕೆಲಸ.

ಮಿತಿಯೇ ಅತಿಯಾಯಿತು ಅನ್ನುವವರು ಇಂಗ್ಲೆಂಡನ್ನು ತೋರಿಸುತ್ತಾರೆ. ಅಲ್ಲಿ 80 ನಿಜ. ಸ್ಕಾಟ್ಲೆಂಡ್ 2014ರಲ್ಲಿ 50ಕ್ಕೆ ಇಳಿಸಿತು, ಸ್ವೀಡನ್ನಿನಲ್ಲಿ 20. ನಾಯಿ, ಹಸು, ಗುಂಡಿ, ಎದುರಿನಿಂದ ಬರುವ ಆಟೋ ಇರುವ ನಮ್ಮ ರಸ್ತೆಗೆ 30 ಬಿಗಿ ಅಂತ ನನಗೆ ಅನ್ನಿಸಿಲ್ಲ. ಆದರೆ ಆ 80ರ ಜೊತೆಗೆ ಅಲ್ಲಿ ಬೇರೇನಿದೆ ಅನ್ನುವುದನ್ನು ಅವರು ಹೇಳುವುದಿಲ್ಲ. ಸಿಕ್ಕಿದವನಿಗೆ ಕನಿಷ್ಠ ಹನ್ನೆರಡು ತಿಂಗಳು ಗಾಡಿ ಓಡಿಸುವ ಹಾಗಿಲ್ಲ. ಕೋರ್ಟು ಹೇಳಿದ ತರಬೇತಿ ಮುಗಿಸಿದರೆ ಅದರಲ್ಲಿ ಕಾಲುಭಾಗ ಕಡಿಮೆಯಾಗುತ್ತದೆ.

ನಮ್ಮಲ್ಲೂ ಇದೆ. 20ನೇ ಸೆಕ್ಷನ್ನಿನ ಪ್ರಕಾರ 185ರಲ್ಲಿ ಶಿಕ್ಷೆ ಕೊಟ್ಟ ಕೋರ್ಟು ಕನಿಷ್ಠ ಆರು ತಿಂಗಳು ಲೈಸೆನ್ಸಿಗೆ ಅನರ್ಹ ಮಾಡಲೇಬೇಕು. ಅದಲ್ಲದೆ 2019ರಲ್ಲಿ 206ಕ್ಕೆ ಸೇರಿಸಿದ ನಾಲ್ಕನೇ ಉಪಸೆಕ್ಷನ್ನಿನ ಪ್ರಕಾರ ಪೊಲೀಸರು ಡಿಎಲ್ ವಶಕ್ಕೆ ತೆಗೆದುಕೊಂಡು ಆರ್‌ಟಿಒಗೆ ಕಳಿಸಬೇಕು, ಅಲ್ಲಿ 19ನೇ ಸೆಕ್ಷನ್ನಿನಡಿ ಅಮಾನತು. ಓದಲು ಎಷ್ಟು ಚೆನ್ನಾಗಿದೆ ನೋಡು. ನಡೆಯುವುದು ಹೀಗೆ: ಆರೋಪಿ ತಪ್ಪೊಪ್ಪಿಕೊಳ್ಳುತ್ತಾನೆ, ಸಾಲಿನಲ್ಲಿ ನಿಂತ ಹತ್ತಾರು ಕೇಸುಗಳ ಜೊತೆ ಅವನದ್ದೂ ಮುಗಿಯುತ್ತದೆ, ದಂಡದ ರಸೀದಿ ತೋರಿಸಿ ಸ್ಟೇಷನ್ನಿನಿಂದ ಗಾಡಿ ಬಿಡಿಸಿಕೊಂಡು ತಾನೇ ಓಡಿಸಿಕೊಂಡು ಮನೆಗೆ ಹೋಗುತ್ತಾನೆ. ಡಿಎಲ್ ಬೇರೆ ಆರ್‌ಟಿಒದ್ದಾದರೆ, ಅದರಲ್ಲೂ ಬೇರೆ ರಾಜ್ಯದ್ದಾದರೆ, ಕಾಗದ ಅಲ್ಲಿಗೆ ಮುಟ್ಟಬೇಕು, ಅಲ್ಲಿಂದ ನೋಟಿಸು ಹೊರಡಬೇಕು, ಅವನು ಬಾಡಿಗೆ ಮನೆ ಬದಲಿಸಿದ್ದರೆ ನೋಟಿಸು ವಾಪಸು ಬರುತ್ತದೆ. ಮೊಬೈಲಿನಲ್ಲಿ ಡಿಜಿಲಾಕರ್ ತೋರಿಸಿದವನ ಕೈಯಿಂದ ಕಸಿದುಕೊಳ್ಳಲು ಕಾರ್ಡೇ ಇರುವುದಿಲ್ಲ. ಶಿಕ್ಷೆ ಕಡಿಮೆ ಅನ್ನುವವರು ದಂಡದ ಸೊನ್ನೆ ಹೆಚ್ಚಿಸಿ ಅನ್ನುವ ಬದಲು ಈ ಕಾಗದದ ಹಿಂದೆ ಬೀಳಬೇಕು. ಫಿನ್ಲೆಂಡಿನಲ್ಲಿ ಇಂಥ ದಂಡವನ್ನು ಆದಾಯ ನೋಡಿ ದಿನಗಳ ಲೆಕ್ಕದಲ್ಲಿ ಹಾಕುತ್ತಾರೆ. ನಮ್ಮಲ್ಲಿ ಆದಾಯ ತೋರಿಸುವವರೇ ಕಡಿಮೆ, ಆದ್ದರಿಂದ ಅದು ನಡೆಯದು. ತಿಂಗಳುಗಟ್ಟಲೆ ಗಾಡಿ ಮುಟ್ಟದಿರುವ ಶಿಕ್ಷೆಗೆ ಯಾರ ಪಾಸ್‌ಬುಕ್ಕೂ ಬೇಕಾಗಿಲ್ಲ. ಡ್ರೈವಿಂಗೇ ಹೊಟ್ಟೆಪಾಡಾದವನಿಗೆ ಅದು ಹೆಚ್ಚು ನೋಯುತ್ತದೆ, ಒಪ್ಪುತ್ತೇನೆ. ಅವನ ಹಿಂದೆ ಕೂತ ಮಕ್ಕಳನ್ನು ನೆನೆದರೆ ಅಷ್ಟು ಕನಿಕರ ಬರುವುದಿಲ್ಲ.

ಸಿಕ್ಕಿಬೀಳುವ ಹೆದರಿಕೆಯ ವಿಷಯಕ್ಕೆ ಬಂದರೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ನೋಡು. 1982ರ ಡಿಸೆಂಬರಿನಲ್ಲಿ ಅನುಮಾನ ಇರಲಿ ಬಿಡಲಿ, ಯಾರನ್ನು ಬೇಕಾದರೂ ನಿಲ್ಲಿಸಿ ಊದಿಸುವ ಪದ್ಧತಿ ತಂದರು. ಸಾವು ತಟ್ಟನೆ ಇಳಿಯಿತು, ಇಳಿದೇ ಉಳಿಯಿತು. ನಮ್ಮ 203ನೇ ಸೆಕ್ಷನ್ ಇವತ್ತಿಗೂ ಸಕಾರಣ ಅನುಮಾನ ಇದ್ದರೆ ಊದಿಸಬಹುದು ಅನ್ನುತ್ತದೆ. ನಾಕಾಬಂದಿಯಲ್ಲಿ ಸಾಲಾಗಿ ಎಲ್ಲರಿಗೂ ಊದಿಸುತ್ತಾರೆ, ಆದರೆ ಅದೇ ದಿನ, ಅದೇ ಹೊತ್ತು, ಅದೇ ಫ್ಲೈಓವರ್ ಕೆಳಗೆ. ಕುಡಿದವನನ್ನು ಮೊಬೈಲಿನ ಮ್ಯಾಪೇ ನಾಕಾಬಂದಿ ತಪ್ಪಿಸಿ ಕರೆದೊಯ್ಯುತ್ತದೆ.

ನಿನ್ನನ್ನು ನಿಲ್ಲಿಸಿದರೆ ಏನು ನೋಡಬೇಕು ಹೇಳುತ್ತೇನೆ. ಪೊಲೀಸರು ಸಮವಸ್ತ್ರದಲ್ಲಿರಬೇಕು. ಯಂತ್ರಕ್ಕೆ ನಿನ್ನೆದುರೇ ಹೊಸ ಪೈಪು ಹಾಕಿಸು, ಸೊನ್ನೆ ತೋರಿಸುತ್ತಿದೆಯೇ ನೋಡು, ಆಮೇಲೆ ಒಂದೇ ಉಸಿರಿಗೆ ದೀರ್ಘವಾಗಿ ಊದು. ಶ್ವಾಸಕೋಶದ ತಳದ ಗಾಳಿ ಬಂದರೇನೇ ಅಳತೆ ಸರಿ: 2,100 ಮಿಲಿ ಉಸಿರಿನಲ್ಲಿರುವಷ್ಟು ಮದ್ಯಸಾರ ಒಂದು ಮಿಲಿ ರಕ್ತದಲ್ಲಿ ಇದೆ ಎಂಬ ಲೆಕ್ಕದ ಮೇಲೆ ಯಂತ್ರ ಅಂಕಿ ಕೊಡುತ್ತದೆ. ಆಗಷ್ಟೇ ಮೌತ್‌ವಾಶ್ ಹಾಕಿ ಮುಕ್ಕಳಿಸಿದ್ದರೆ, ಮದ್ಯಸಾರವಿರುವ ಕೆಮ್ಮಿನ ಔಷಧ ಕುಡಿದಿದ್ದರೆ ಬಾಯಿಯ ಮದ್ಯಸಾರ ಅಂಕಿಯನ್ನು ಏರಿಸುತ್ತದೆ. ಹದಿನೈದು ನಿಮಿಷ ಬಿಟ್ಟು ಮತ್ತೊಮ್ಮೆ ಊದಿಸಿ ಎಂದು ಕೇಳು, ಬಾಯಿಯದ್ದಾದರೆ ಅಷ್ಟರಲ್ಲಿ ಹೋಗಿರುತ್ತದೆ. ಪ್ರಿಂಟ್ ತೆಗೆದುಕೋ. ಅದರಲ್ಲಿ ಯಂತ್ರದ ಸಂಖ್ಯೆ, ದಿನಾಂಕ, ಸಮಯ, ಅಂಕಿ ಇರಬೇಕು. ಊದುವುದಿಲ್ಲ ಎಂದು ಹಟ ಮಾಡಿದರೆ ಲಾಭವಿಲ್ಲ: ಕಾರಣವಿಲ್ಲದೆ ನಿರಾಕರಿಸಿದ್ದನ್ನು 205ರ ಪ್ರಕಾರ ನಿನ್ನ ವಿರುದ್ಧವೇ ಬಳಸಬಹುದು. ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯರ ಪರೀಕ್ಷೆ ಆಗಬೇಕು, ಆಗದಿದ್ದರೆ ಬಿಡಬೇಕು. ರಕ್ತ ತೆಗೆಯುವ ವೈದ್ಯ ಗಂಡಸಾದರೆ ಒಬ್ಬ ಹೆಂಗಸು ಎದುರಿಗೆ ಇರಲೇಬೇಕು, 204ರಲ್ಲೇ ಬರೆದಿದೆ. ಸೂರ್ಯಾಸ್ತದ ನಂತರ ಹೆಂಗಸರ ಬಂಧನಕ್ಕೆ ಬೇರೆಯೇ ಕಟ್ಟುಪಾಡು ಇದೆ: ಅಸಾಧಾರಣ ಸಂದರ್ಭ ಇರಬೇಕು, ಮಹಿಳಾ ಅಧಿಕಾರಿ ಬೇಕು, ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಗಾಡಿಯ ವಿಷಯದಲ್ಲಿ ತೆಲಂಗಾಣ ಹೈಕೋರ್ಟು 2021ರಲ್ಲಿ ಕುಡಿಯದ, ಲೈಸೆನ್ಸಿರುವ ಇನ್ನೊಬ್ಬರು ಬಂದರೆ ಅವರ ಕೈಗೆ ಕೊಡಿ ಎಂದಿದೆ. ಇಲ್ಲಿ ಅದು ಕಟ್ಟಳೆಯಾಗಲಾರದು, ಆದರೂ ಕೇಳಿ ನೋಡಬಹುದು.

ಸಾವಾದಾಗ ಮಾತ್ರ ಕಾನೂನು ನಿಜಕ್ಕೂ ಮೃದು ಅನ್ನಿಸುತ್ತದೆ, ಅಲ್ಲೂ ತೊಡಕು ಪುರಾವೆಯದ್ದೇ. ನಿರ್ಲಕ್ಷ್ಯದ ಸಾವಿಗೆ ಮೊದಲು ಎರಡು ವರ್ಷ ಗರಿಷ್ಠ ಇತ್ತು, ಭಾರತೀಯ ನ್ಯಾಯ ಸಂಹಿತೆಯ 106(1)ರಲ್ಲಿ ಐದಾಗಿದೆ. ಕುಡಿದವನಿಗೆ ಪರಿಣಾಮದ ಅರಿವಿತ್ತು ಎಂದು ಸಾಬೀತಾದರೆ 105ಕ್ಕೆ ಹೋಗಿ ಹತ್ತು ವರ್ಷದವರೆಗೂ ಆಗಬಹುದು. ಮುಂಬೈಯ ಕಾರ್ಟರ್ ರಸ್ತೆಯಲ್ಲಿ 2006ರಲ್ಲಿ ಫುಟ್‌ಪಾತಿನಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಕಾರು ಹರಿದು ಏಳು ಜನ ಸತ್ತರು. ಚಾಲಕನ ರಕ್ತದಲ್ಲಿದ್ದದ್ದು 112 ಮಿಲಿಗ್ರಾಂ, ನಿಮ್ಮ ಎರಡು ಬಿಯರಿನ ಅಂಕಿಗೆ ಹೆಚ್ಚು ದೂರವಿಲ್ಲ. ಕೆಳಗಿನ ಕೋರ್ಟು ಆರು ತಿಂಗಳು ಕೊಟ್ಟಿತ್ತು, ಹೈಕೋರ್ಟು ಮೂರು ವರ್ಷಕ್ಕೆ ಏರಿಸಿತು, 2012ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜೀವಕ್ಕೆ ಮೂರು ವರ್ಷ. ಅದಾದರೂ ಆದದ್ದು ರಕ್ತದ ವರದಿ ಇದ್ದುದರಿಂದ. 2024ರ ಮೇನಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ ಹದಿನೇಳರ ಹುಡುಗನ ಕಾರು ಇಬ್ಬರು ಟೆಕ್ಕಿಗಳನ್ನು ಕೊಂದಾಗ ಎಲ್ಲರೂ ಅವನ ಜಾಮೀನಿಗೆ ಹಾಕಿದ 300 ಪದದ ಪ್ರಬಂಧ ಬರೆಯುವ ಷರತ್ತನ್ನು ಹಿಡಿದು ಬೈದರು. ನನಗೆ ಅದಕ್ಕಿಂತ ಹೆಚ್ಚು ಕಳವಳ ಹುಟ್ಟಿಸಿದ್ದು ರಕ್ತದ ಮಾದರಿಯನ್ನೇ ಬದಲಿಸಿದರೆಂಬ ಆರೋಪ, ವೈದ್ಯರ ಬಂಧನ. ಸೀಸೆಯೇ ಬದಲಾದರೆ ಶಿಕ್ಷೆ ಐದು ವರ್ಷವಿದ್ದರೇನು, ಐವತ್ತಿದ್ದರೇನು?

ಇನ್ನೊಂದು ಅಂಕಿ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಸರ್ಕಾರದ ಪಟ್ಟಿಯಲ್ಲಿ ಕುಡಿತದ ಪಾಲು ಶೇ. 3ನ್ನೂ ಮುಟ್ಟುವುದಿಲ್ಲ. ಇದನ್ನು ಹಿಡಿದು "ಕುಡಿತ ದೊಡ್ಡ ಕಾರಣವೇ ಅಲ್ಲ" ಎಂದು ಯಾರಾದರೂ ವಾದಿಸಿದರೆ, ಅಪಘಾತವಾದ ಪ್ರತಿ ಚಾಲಕನ ರಕ್ತ ತೆಗೆಯುತ್ತಾರೆಯೇ ಎಂದು ಕೇಳು. ದೂರಿನಲ್ಲಿ "ಅತಿವೇಗ ಮತ್ತು ಅಜಾಗರೂಕತೆಯಿಂದ" ಎಂದು ಬರೆದಾಯಿತು ಅಂದರೆ ಕಾರಣದ ಕಾಲಂ ತುಂಬಿತು.

ನಿನ್ನ ಸ್ಕೂಟರಿನ ವಿಷಯಕ್ಕೆ ಬರುತ್ತೇನೆ. ಕುಡಿದಿರುವ ಗೆಳತಿಗೆ "ಇಲ್ಲೇ ಹತ್ತಿರ ತಾನೆ" ಎಂದು ಕೀಲಿ ಕೊಟ್ಟರೆ 188ರ ಪ್ರಕಾರ ನೀನೂ ಕುಮ್ಮಕ್ಕು ಕೊಟ್ಟವಳೇ, ಶಿಕ್ಷೆ ಅವಳಷ್ಟೇ. ವಿಮೆಯೂ ಕೈಕೊಡುತ್ತದೆ. ಗಾಡಿಯ ನಷ್ಟಕ್ಕೆ ಕಂಪನಿ ಕಾಸು ಕೊಡುವುದಿಲ್ಲ. ರಕ್ತಪರೀಕ್ಷೆಯ ವರದಿ ಇಲ್ಲದಿದ್ದರೂ ಉಳಿದ ಸಂಗತಿಗಳಿಂದ ಕುಡಿದದ್ದು ಸಿದ್ಧವಾದರೆ ಕ್ಲೇಮ್ ತಳ್ಳಿಹಾಕಬಹುದು ಎಂದು 2021ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಪೆಟ್ಟು ಬಿದ್ದ ಮೂರನೆಯವರಿಗೆ ಮೊದಲು ಕಂಪನಿ ಕೊಟ್ಟರೂ ಆಮೇಲೆ ಮಾಲೀಕರಿಂದ ವಸೂಲಿಗೆ ಬರಬಹುದು. ಆ ಮೊತ್ತದ ಮುಂದೆ ಹತ್ತು ಸಾವಿರ ಕಾಣಿಸುವುದೇ ಇಲ್ಲ. ಆರ್‌ಸಿ ನಿಮ್ಮಪ್ಪನ ಹೆಸರಿನಲ್ಲಿದೆ ಎಂಬುದು ನೆನಪಿರಲಿ.

ಆ ಹುಡುಗನಿಗೆ ಒಂದು ಮಾತು ಹೇಳು. ದಂಡ ಕಟ್ಟಿದ ಕೂಡಲೇ ಮುಗಿಯಿತು ಅಂದುಕೊಳ್ಳಬೇಡ ಅನ್ನು. ಪರಿವಾಹನ್ ವೆಬ್‌ಸೈಟಿನಲ್ಲಿ ಡಿಎಲ್ ಸಂಖ್ಯೆ, ಹುಟ್ಟಿದ ದಿನಾಂಕ ಹಾಕಿದರೆ ಲೈಸೆನ್ಸಿನ ಈಗಿನ ಸ್ಥಿತಿ ತೋರಿಸುತ್ತದೆ. ಅಮಾನತು ಎಂದು ಬಂದಿದ್ದೂ ಓಡಿಸಿದರೆ 182ರ ಪ್ರಕಾರ ಮತ್ತೊಂದು ಹತ್ತು ಸಾವಿರ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ. ಮನೆ ಬದಲಿಸಿದ್ದರೆ ಡಿಎಲ್‌ನಲ್ಲಿ ವಿಳಾಸವನ್ನೂ ಬದಲಿಸಲಿ, ನೋಟಿಸು ಕೈಗೇ ಬರಲಿ. ನೀನೂ ಪಿಜಿ ಬಿಟ್ಟು ಎರಡು ತಿಂಗಳಾಯಿತು, ನಿನ್ನದನ್ನೂ ಈ ಶನಿವಾರ ಮಾಡಿಬಿಡು.

ನಿನ್ನ
ಅಮ್ಮ