ಸಿಬಿಜೆಡ್ ಮಕ್ಕಳಿಗೆ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡಲಿರುವ ಗೆಳೆಯನಿಗೆ

ಗೆಳೆಯಾ,

ಈ ಸೆಮಿಸ್ಟರ್‌ನಲ್ಲಿ ಬಿಎಸ್ಸಿ ಬಯಾಲಜಿ (ಸಿಬಿಜೆಡ್, ಅಂದರೆ ಕೆಮಿಸ್ಟ್ರಿ, ಬಾಟನಿ, ಜುವಾಲಜಿ) ಮಕ್ಕಳ ಸ್ಟ್ಯಾಟಿಸ್ಟಿಕ್ಸ್ ಕ್ಲಾಸು ನಿನ್ನ ಪಾಲಿಗೆ ಬಂದಿದೆ ಅಂತ ಕೇಳಿ ತುಂಬಾ ಖುಷಿಯಾಯಿತು. ನೀನು ಗಣಿತ ಓದಿದವನು, ನಾನು ಪ್ರಾಣಿಶಾಸ್ತ್ರದವನು. ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಇದು. ಇದೇ ಪಾಠ ಮಾಡುವ ಇನ್ನೂ ಕೆಲವರಿಗೆ ಉಪಯೋಗವಾಗಲಿ ಅಂತ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಮೊದಲು ಆ ಮಕ್ಕಳು ಯಾರು ಅಂತ ತಿಳಿದುಕೋ. ಕೆಲವರು ಪಿಯುಸಿಯಲ್ಲೇ ಗಣಿತಕ್ಕೆ ಕೈ ಮುಗಿದವರು. ಇನ್ನು ಕೆಲವರು ಪಿಸಿಎಂಬಿ ತಗೊಂಡು, ನೀಟ್ ಗುಂಗಿನಲ್ಲಿ ಗಣಿತವನ್ನು ಪಾಸಾಗುವಷ್ಟಕ್ಕೆ ಓದಿದವರು. ಬೋರ್ಡಿನ ಮೇಲೆ ಸಿಗ್ಮಾ ಬಂದ ಕೂಡಲೇ ಮುಖ ಬಾಡುತ್ತದೆ. ದಡ್ಡರು ಅಂದುಕೊಳ್ಳಬೇಡ. ಒಂದು ರೆಂಬೆ ಕೈಗೆ ಕೊಟ್ಟರೆ ಗಿಡದ ಕುಟುಂಬ ಹೇಳುವ ಮಕ್ಕಳು ಅವರು. ನೋಡುವುದು ಅವರಿಗೆ ಚೆನ್ನಾಗಿ ಬರುತ್ತದೆ, ಅದನ್ನೇ ಹಿಡಿದುಕೊಂಡು ಹೋಗು.

ಸಿಲಬಸ್ಸಿನ ಮೊದಲ ಪಾಠ ಮೀನ್, ಮೀಡಿಯನ್, ಮೋಡ್. ಹತ್ತು ಸಂಖ್ಯೆ ಕೊಡು, ಸೂತ್ರ ಬರೆಸು, ಕ್ಯಾಲ್ಕುಲೇಟರ್ ಒತ್ತಿಸು, ಮುಗಿಯಿತು. ಹೀಗೆ ಮಾಡಿದರೂ ಪಾಸಾಗುತ್ತಾರೆ. ಆದರೆ ಅದೇ ಮಕ್ಕಳು ಮುಂದೆ ಎಂಎಸ್ಸಿ ಪ್ರಾಜೆಕ್ಟಿಗೆ ಹೋಗಿ, ಡೇಟಾ ಎಲ್ಲ ಸೇರಿಸಿ ಮುಗಿದ ಮೇಲೆ ಬಂದು, 'ಸರ್, ಇದಕ್ಕೆ ಯಾವ ಟೆಸ್ಟ್ ಹಾಕಲಿ?' ಅಂತ ಕೇಳುತ್ತಾರೆ. ಆ ಪ್ರಶ್ನೆ ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಒಂದು ಜೀವಿಯ ಹಾಗೆ ಇನ್ನೊಂದು ಇರುವುದಿಲ್ಲ. ಆ ಏರುಪೇರು ಇಲ್ಲದಿದ್ದರೆ ನಮಗೆ ಸ್ಟ್ಯಾಟಿಸ್ಟಿಕ್ಸೇ ಬೇಕಿರಲಿಲ್ಲ, ಅಲ್ವಾ? ಅದನ್ನು ಮೊದಲು ಕಣ್ಣಾರೆ ನೋಡಲಿ. ಸರಾಸರಿ ಆಮೇಲೆ ಬರಲಿ.

ನಾನು ಬಟಾಣಿ ಗಿಡ ಬೆಳೆಸಿ ಅನುವಂಶಿಕತೆಯ ನಿಯಮ ಕಂಡುಕೊಂಡ ಮೆಂಡೆಲ್‌ನಿಂದ ಶುರು ಮಾಡುತ್ತೇನೆ. ಮಿಶ್ರತಳಿ ಗಿಡದಲ್ಲಿ ಮೂರು ದುಂಡು ಕಾಳಿಗೆ ಒಂದು ಸುಕ್ಕು ಕಾಳು, ಈ 3:1 ಎಲ್ಲರಿಗೂ ಬಾಯಿಪಾಠ. 'ಹಾಗಾದರೆ ಒಂದು ಬಟಾಣಿ ಗಿಡದಲ್ಲಿ 40 ಕಾಳು ಸಿಕ್ಕರೆ ದುಂಡಗಿನವು ಎಷ್ಟು?' ಅಂತ ಕೇಳು. 30 ಅಂತ ಇಡೀ ಕ್ಲಾಸು ಕೂಗುತ್ತದೆ. ಆಗ ಮೆಂಡೆಲ್ 1866ರ ತನ್ನ ಲೇಖನದಲ್ಲಿ ಕೊಟ್ಟಿರುವ ಗಿಡಗಳ ಲೆಕ್ಕವನ್ನು ಬೋರ್ಡಿನ ಮೇಲೆ ಬರೆ. ಮೊದಲ ಗಿಡ, 45 ದುಂಡು, 12 ಸುಕ್ಕು. ಎರಡನೆಯದು 27, 8. ಮೂರನೆಯದು 24, 7. ನಾಲ್ಕನೆಯದು 19, 10. ಒಂದು ಗಿಡದಲ್ಲಂತೂ 43 ದುಂಡು, ಬರೀ 2 ಸುಕ್ಕು. ಇನ್ನೊಂದರಲ್ಲಿ 14 ದುಂಡು, 15 ಸುಕ್ಕು, ಅಂದರೆ ಸುಕ್ಕು ಕಾಳೇ ಜಾಸ್ತಿ! ಆಮೇಲೆ 253 ಗಿಡಗಳ ಒಟ್ಟು ಲೆಕ್ಕ ಬರೆ: 5474 ದುಂಡು, 1850 ಸುಕ್ಕು. ಭಾಗಿಸಿದರೆ 2.96. ಒಂದೊಂದೇ ಗಿಡ ನೋಡಿದರೆ ಎಲ್ಲೆಲ್ಲೋ ಹಾರುತ್ತದೆ, ಎಲ್ಲ ಸೇರಿದರೆ 3ರ ಪಕ್ಕ ಬಂದು ನಿಲ್ಲುತ್ತದೆ. ಇಷ್ಟು ವರ್ಷ ಓದಿದ 3:1ರ ಹಿಂದೆ ಇಷ್ಟೊಂದು ಗಲಾಟೆ ಇತ್ತಾ ಅಂತ ಮಕ್ಕಳು ನಿಜಕ್ಕೂ ಬೆರಗಾಗುತ್ತಾರೆ.

ನಿರೀಕ್ಷಿಸಿದ ಎಣಿಕೆಗೂ ಸಿಕ್ಕ ಎಣಿಕೆಗೂ ಇರುವ ವ್ಯತ್ಯಾಸ ಎಷ್ಟು ದೊಡ್ಡದು ಅಂತ ನೋಡುವ ಕೈ ಸ್ಕ್ವೇರ್ ಟೆಸ್ಟನ್ನೂ ಇಲ್ಲೇ ತರಬಹುದು. ಕಾರ್ಲ್ ಪಿಯರ್ಸನ್ ಅದನ್ನು ಪ್ರಕಟಿಸಿದ್ದು 1900ರಲ್ಲಿ, ಜಗತ್ತು ಮೆಂಡೆಲ್‌ನನ್ನು ಮತ್ತೆ ಕಂಡುಕೊಂಡ ವರ್ಷವೂ ಅದೇ. ಒಟ್ಟು ಕಾಳು 7324, ನಿರೀಕ್ಷೆ 5493 ಮತ್ತು 1831, ವ್ಯತ್ಯಾಸ ಬರೀ 19. ಕೈ ಸ್ಕ್ವೇರ್ ಸುಮಾರು 0.26. ಬರೀ ಆಕಸ್ಮಿಕವಾಗಿ ನೂರಕ್ಕೆ ಐದು ಸಲ ಮಾತ್ರ ದಾಟುವ ಗೆರೆ ಟೇಬಲ್ಲಿನಲ್ಲಿ 3.84, ಅದಕ್ಕಿಂತ ಎಷ್ಟೋ ಕೆಳಗೆ. ಸರಿ. ಈಗ 14, 15ರ ಆ ಗಿಡಕ್ಕೆ ಅದೇ ಲೆಕ್ಕ ಮಾಡಿಸು. 11 ದಾಟುತ್ತದೆ! ಹಾಗಾದರೆ ಆ ಗಿಡದಲ್ಲಿ ಮೆಂಡೆಲ್ ನಿಯಮ ಸುಳ್ಳಾ? ಉತ್ತರ ಹೇಳಬೇಡ, ಜಗಳ ಆಡಲಿ. ಯಾರಾದರೂ ಒಬ್ಬಳು, 'ಸರ್, ಅದು 253 ಗಿಡದಲ್ಲಿ ಆರಿಸಿ ತೆಗೆದ ಗಿಡ ಅಲ್ವಾ?' ಅನ್ನುತ್ತಾಳೆ. ಆ ಒಂದು ಮಾತಿಗೆ ಇಡೀ ಸೆಮಿಸ್ಟರ್ ಕೊಟ್ಟರೂ ಕಡಿಮೆಯೇ. 3:1 ಪೂರ್ತಿ ನಿಜವಾಗಿದ್ದರೂ, ನೂರಕ್ಕೆ ಐದರ ಗೆರೆ ಇಟ್ಟರೆ 253ರಲ್ಲಿ ಹನ್ನೆರಡೋ ಹದಿಮೂರೋ ಗಿಡಗಳು ಸುಮ್ನೆ ಆಕಸ್ಮಿಕವಾಗಿ ಆ ಗೆರೆ ದಾಟುತ್ತವೆ. ಬೇಕಾದ್ದನ್ನು ಮಾತ್ರ ಆರಿಸಿ ತೋರಿಸಿದರೆ ಏನಾಗುತ್ತದೆ ಅಂತ ಬೇರೆ ಪಾಠವೇ ಬೇಡ. (ಮೆಂಡೆಲ್ ಅಂಕಿಗಳು ಅತಿಯಾಗಿ ಚೆಂದ ಇವೆ, ನಿರೀಕ್ಷೆಗೆ ನಂಬಲಾಗದಷ್ಟು ಹತ್ತಿರ ಇವೆ ಅಂತ ಸ್ಟ್ಯಾಟಿಸ್ಟಿಕ್ಸ್ ಪಂಡಿತ ಫಿಶರ್ 1936ರಲ್ಲಿ ಎತ್ತಿದ ತಕರಾರು ನಿನಗೆ ಗೊತ್ತಿರುತ್ತದೆ. ಅದನ್ನು ಮೊದಲ ತಿಂಗಳಿಗೇ ತರಬೇಡ.)

ಪಿ ವ್ಯಾಲ್ಯೂ ಹೇಳುವಾಗ ಇದೇ ಉದಾಹರಣೆಗೆ ವಾಪಸ್ಸು ಬಾ. ಆ 0.26ಕ್ಕೆ ಪಿ ಸುಮಾರು 0.6. 'ಅಂದರೆ 3:1 ನಿಜ ಆಗಿರುವ ಸಾಧ್ಯತೆ ನೂರಕ್ಕೆ ಅರವತ್ತು' ಅಂತ ಮಕ್ಕಳು ಖಂಡಿತ ಹೇಳುತ್ತಾರೆ. ಅದು ತಪ್ಪು. ದೊಡ್ಡ ದೊಡ್ಡ ಸಂಶೋಧಕರೂ ಹಾಗೇ ಹೇಳುತ್ತಾರೆ, ಕೊನೆಗೆ ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ 2016ರಲ್ಲಿ ಈ ವಿಷಯಕ್ಕೇ ಒಂದು ಹೇಳಿಕೆ ಹೊರಡಿಸಬೇಕಾಯಿತು. ಸರಿಯಾದ ಅರ್ಥ ಇದು: 3:1 ನಿಜ ಅಂತ ಮೊದಲೇ ಒಪ್ಪಿಕೊಂಡು, ಇದೇ ಪ್ರಯೋಗವನ್ನು ನೂರು ಸಲ ಮಾಡಿದರೆ, ಸುಮಾರು ಅರವತ್ತು ಸಲ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಕಾಣುತ್ತದೆ. ಇದನ್ನು ಅವರ ಬಾಯಲ್ಲೇ ಹೇಳಿಸು. ಇಂಗ್ಲಿಷಿನಲ್ಲಿ ತಡವರಿಸುವವರಿಂದ ಕನ್ನಡದಲ್ಲೇ ಹೇಳಿಸು. ಬೇಸರ ಮಾಡಿಕೊಳ್ಳದೆ ಮತ್ತೆ ಮತ್ತೆ ಕೇಳು.

ಸ್ಟ್ಯಾಂಡರ್ಡ್ ಎರರ್‌ಗೆ ಹೊಂಗೆ ಮರದ ಹತ್ತಿರ ಕರೆದುಕೊಂಡು ಹೋಗು. ಒಂದೊಂದು ಗುಂಪು ಐದು ಎಲೆ ತರಲಿ, ಉದ್ದ ಅಳೆದು ಸರಾಸರಿ ತೆಗೆದು ಬೋರ್ಡಿನ ಮೇಲೆ ಬರೆಯಲಿ. ಒಂದೇ ಮರ, ಆದರೂ ಒಂದೊಂದು ಗುಂಪಿನದು ಒಂದೊಂದು ಸರಾಸರಿ! ಆಮೇಲೆ ಇಪ್ಪತ್ತು ಎಲೆ ತರಿಸು. ಸರಾಸರಿಗಳು ಹತ್ತಿರ ಹತ್ತಿರ ಬರುತ್ತವೆ, ಚದುರುವುದು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಎಲೆ ನಾಲ್ಕು ಪಟ್ಟಾದರೂ ಯಾಕೆ ಅರ್ಧ ಮಾತ್ರ ಅಂತ ಅವರೇ ಕೇಳುತ್ತಾರೆ. ಆಗ ವರ್ಗಮೂಲದ ಸೂತ್ರ ಬರೆದರೆ ಯಾರೂ ಹೆದರುವುದಿಲ್ಲ. ಎಲೆ ಎಲೆಗೆ ಇರುವ ವ್ಯತ್ಯಾಸ ಸ್ಟ್ಯಾಂಡರ್ಡ್ ಡೀವಿಯೇಷನ್, ಗುಂಪುಗಳ ಸರಾಸರಿ ಅತ್ತಿತ್ತ ಆಡುವುದು ಸ್ಟ್ಯಾಂಡರ್ಡ್ ಎರರ್. ಗ್ರಾಫಿನಲ್ಲಿ ಯಾವುದನ್ನು ಹಾಕಿದ್ದೀರಿ ಅಂತ ಪ್ರತಿ ಸಲ ಕೇಳು, ಚಿಕ್ಕದು ಚೆಂದ ಕಾಣುತ್ತದೆ ಅಂತ ಎರರ್ ಹಾಕುವವರೇ ಜಾಸ್ತಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. ರಸ್ತೆ ಬದಿಯ ಒಂದು ಹೊಂಗೆ, ಕಾಲೇಜಿನ ಹಿಂದೆ ಒಂದು ಹೊಂಗೆ. ಒಂದೊಂದರಿಂದ ಐವತ್ತು ಎಲೆ. ಎರಡು ಸರಾಸರಿಗಳನ್ನು ಹೋಲಿಸುವ ಟಿ ಟೆಸ್ಟ್ ಮಾಡಿದರೆ ಪಿ ತೀರಾ ಚಿಕ್ಕದು ಬರಬಹುದು, 'ವಾಹನದ ಧೂಳಿನಿಂದ ಎಲೆ ಸಣ್ಣದಾಗಿದೆ' ಅಂತ ಮಕ್ಕಳು ಬರೆದುಬಿಡುತ್ತಾರೆ. ಲೆಕ್ಕ ಪೂರ್ತಿ ಸರಿ. ಆದರೆ ಧೂಳಿನ ಬಗ್ಗೆ ಹೇಳಲು ಅವರ ಹತ್ತಿರ ಇರುವುದು ನೂರು ಸ್ಯಾಂಪಲ್ ಅಲ್ಲ, ಎರಡು ಮರ. ಆ ಎರಡು ಮರಗಳ ವಯಸ್ಸು ಬೇರೆ ಇರಬಹುದು, ನೀರು ಬೇರೆ, ನೆರಳು ಬೇರೆ, ತಾಯಿ ಮರವೇ ಬೇರೆ. ಹರ್ಲ್‌ಬರ್ಟ್ ಅನ್ನುವ ಪರಿಸರ ವಿಜ್ಞಾನಿ 1984ರಲ್ಲಿ ಇದಕ್ಕೆ ಸೂಡೋರೆಪ್ಲಿಕೇಷನ್, ಅಂದರೆ ಹುಸಿ ಪುನರಾವರ್ತನೆ, ಅಂತ ಹೆಸರಿಟ್ಟ. ಗಣಿತದ ಕಡೆಯಿಂದ ಬಂದವರಿಗೆ ಇದು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ, ಯಾಕೆಂದರೆ ನಿಮಗೆ ಡೇಟಾ ಸಿಗುವ ಹೊತ್ತಿಗೆ ಅದು ಬರೀ ಸಂಖ್ಯೆಗಳ ಸಾಲಾಗಿರುತ್ತದೆ. ಒಂದೇ ಬೋನಿನ ಇಲಿ, ಒಂದೇ ತೊಟ್ಟಿಯ ಮೀನು, ಒಂದೇ ಕುಂಡದ ಸಸಿಗಳು, ಎಲ್ಲ ಕಡೆ ಇದೇ ಕಥೆ. ನಿಜವಾಗಿ ಎಷ್ಟು ಸ್ಯಾಂಪಲ್ ಇದೆ ಅಂತ ಕೇಳುವ ಅಭ್ಯಾಸ ಒಂದು ಬಂದರೆ, ಟಿ ಟೇಬಲ್ ಮರೆತರೂ ನನಗೇನೂ ಬೇಜಾರಿಲ್ಲ.

ಮಧ್ಯೆ ಮಧ್ಯೆ ಜನರ ಕಥೆ ಹೇಳು. ಟಿ ಟೆಸ್ಟಿನ ಗಾಸೆಟ್ ಡಬ್ಲಿನ್‌ನ ಗಿನ್ನೆಸ್ ಬ್ರೂವರಿಯಲ್ಲಿ ಕೆಲಸಕ್ಕಿದ್ದವನು. ಚಿಕ್ಕ ಸ್ಯಾಂಪಲ್‌ಗಳ ತೊಂದರೆ ಬಿಡಿಸಿ 1908ರಲ್ಲಿ 'ಸ್ಟೂಡೆಂಟ್' ಹೆಸರಿನಲ್ಲಿ ಬರೆದ. ಸ್ಟ್ಯಾಟಿಸ್ಟಿಕ್ಸ್ ಪಂಡಿತ ಸಿ.ಆರ್. ರಾವ್ ಅವರನ್ನಂತೂ ಬಿಡಲೇಬೇಡ. 1920ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದವರು, ಕೋಲ್ಕತ್ತದಲ್ಲಿ ಇನ್ನೊಬ್ಬ ಸ್ಟ್ಯಾಟಿಸ್ಟಿಕ್ಸ್ ಪಂಡಿತ ಮಹಾಲನೋಬಿಸ್ ಹತ್ತಿರ ಕೆಲಸ ಮಾಡಿ, ಅಲ್ಲಿಂದ ಕೇಂಬ್ರಿಡ್ಜಿಗೆ ಹೋಗಿದ್ದು ಸೂಡಾನಿನಲ್ಲಿ ಅಗೆದು ತೆಗೆದ ಹಳೆಯ ಮೂಳೆಗಳ ಅಳತೆಗಳನ್ನು ವಿಶ್ಲೇಷಿಸಲು. ಇದನ್ನು ಹೇಳಿದರೆ ಮೂಳೆ, ತಲೆಬುರುಡೆ ಓದುವ ನಮ್ಮ ಮಕ್ಕಳು ನೆಟ್ಟಗೆ ಕೂರುತ್ತಾರೆ.

ಪರೀಕ್ಷೆಗೆ ಸೂತ್ರ, ಲೆಕ್ಕ ಎಲ್ಲ ಬೇಕೇ ಬೇಕು, ಅದನ್ನು ಕೊನೆಯ ವಾರಗಳಲ್ಲಿ ಚೆನ್ನಾಗಿ ಅಭ್ಯಾಸ ಮಾಡಿಸು. ಇನ್ನೊಂದು ಮಾತು, ಹೊಂಗೆಯದು ಸಂಯುಕ್ತ ಎಲೆ, ಅಂದರೆ ಒಂದು ಎಲೆಯಲ್ಲೇ ಹಲವು ಕಿರುಎಲೆ, ಹಾಗಾಗಿ ಅಳೆಯಬೇಕಾದ್ದು ಕಿರುಎಲೆಯನ್ನು. ತುದಿಯ ಕಿರುಎಲೆ ಸಾಮಾನ್ಯವಾಗಿ ಬದಿಯವಕ್ಕಿಂತ ದೊಡ್ಡದು. ಯಾವುದನ್ನು ಅಳೆಯಬೇಕು, ತೊಟ್ಟು ಸೇರಿಸಬೇಕೋ ಬೇಡವೋ ಅಂತ ಮಕ್ಕಳೇ ತೀರ್ಮಾನ ಮಾಡಲಿ, ಮೊದಲ ಗಂಟೆ ಅದರಲ್ಲೇ ಹೋದರೂ ಪರವಾಗಿಲ್ಲ. ಅಂಕಿಗಳು ಬಂದ ಕೂಡಲೇ ಕಳಿಸು. ಯಾವ ಎಲೆ ಯಾವ ಮರದ್ದು ಅನ್ನುವ ಕಾಲಂ ಮಾತ್ರ ಬಿಡಬೇಡ.

ನಿನ್ನ ಗೆಳೆಯ