ಸತ್ತವರ ಹುಟ್ಟುಹಬ್ಬಕ್ಕೆ ಕೇಕ್ ಯಾಕೆ?

ಪುಟ್ಟಿ,

ಇವತ್ತು ಬೆಳಿಗ್ಗೆ ಆಟೋ ಸ್ಟ್ಯಾಂಡಿನಲ್ಲಿ ವಿಷ್ಣುವರ್ಧನ್ ಫೋಟೋಗೆ ಹಾರ ಹಾಕಿ ಕೇಕ್ ಕತ್ತರಿಸುತ್ತಿದ್ದರು. ನೀನು ಸ್ಕೂಟರಿನ ಹಿಂದಿನಿಂದ ಕೇಳಿದೆ: "ಅಮ್ಮಾ, ಅವರು ಸತ್ತುಹೋಗಿದ್ದಾರೆ ಅಲ್ವಾ? ಕೇಕ್ ಯಾರಿಗೆ?" ಸ್ಕೂಲಿಗೆ ಹೊತ್ತಾಗಿತ್ತು. ಸುಮ್ನೆ ಕೂತ್ಕೋ ಅಂತ ಗದರಿಬಿಟ್ಟೆ. ಒಳ್ಳೆ ಪ್ರಶ್ನೆ ಅದು, ಗದರಬಾರದಿತ್ತು. ಅದಕ್ಕೇ ಈ ಕಾಗದ. ನಾಳೆ ನಿನ್ನ ಊಟದ ಚೀಲದಲ್ಲಿ ಸಿಗುತ್ತದೆ. ಅನ್ನದ ಡಬ್ಬಿ ಖಾಲಿಯಾದ ಮೇಲೆ ಓದು.

ಅವರು ಹುಟ್ಟಿದ್ದು 1950ರ ಸೆಪ್ಟೆಂಬರ್ 18ರಂದು, ಮೈಸೂರಿನಲ್ಲಿ. ಅಪ್ಪ ಅಮ್ಮ ಇಟ್ಟ ಹೆಸರು ಸಂಪತ್ ಕುಮಾರ್. ನಮ್ಮ ಚಿತ್ರದುರ್ಗಕ್ಕೂ ಅವರಿಗೂ ಹುಟ್ಟಿನ ನಂಟು ಏನೂ ಇಲ್ಲ. ಆದರೂ ನಮ್ಮೂರಲ್ಲಿ ಅವರನ್ನು ನಮ್ಮವರು ಅಂತಾರೆ. ಯಾಕೆ ಗೊತ್ತಾ? ಸಂಪತ್ ಕುಮಾರ್ ವಿಷ್ಣುವರ್ಧನ್ ಆಗಿದ್ದೇ ನಾವು ದಿನಾ ಕಿಟಕಿಯಿಂದ ನೋಡುವ ಈ ಬೆಟ್ಟದ ಮೇಲೆ.

1972ರಲ್ಲಿ ಪುಟ್ಟಣ್ಣ ಕಣಗಾಲ್ ಅನ್ನುವ ನಿರ್ದೇಶಕರು 'ನಾಗರಹಾವು' ಸಿನಿಮಾ ಮಾಡಿದರು. ಕತೆ ತ.ರಾ.ಸು. ಅವರದು. ಆ 'ತ' ಅಂದರೆ ತಳುಕು, ನಮ್ಮ ಚಳ್ಳಕೆರೆ ಹತ್ತಿರದ ಊರು. ಅವರ ಮೂರು ಕಾದಂಬರಿ ಸೇರಿಸಿ ಒಂದು ಸಿನಿಮಾ ಆಯಿತು. ರಾಮಾಚಾರಿ ಅನ್ನುವ ದುರ್ಗದ ಹುಡುಗನ ಪಾತ್ರಕ್ಕೆ ಪುಟ್ಟಣ್ಣ ಹೆಸರಾಂತ ನಟರನ್ನು ಹಾಕಿಕೊಳ್ಳಲಿಲ್ಲ. 'ವಂಶವೃಕ್ಷ'ದಲ್ಲಿ ಒಂದು ಸಣ್ಣ ಪಾತ್ರ ಮಾಡಿದ್ದ ಹುಡುಗನನ್ನು ಕರೆದುಕೊಂಡು ಬಂದರು. ವಿಷ್ಣುವರ್ಧನ್ ಅಂತ ಹೆಸರಿಟ್ಟವರೂ ಅವರೇ. ಸಿನಿಮಾ ಬಂದಾಗ ವಿಷ್ಣುಗೆ ಇಪ್ಪತ್ತೆರಡು, ಅಷ್ಟೇ.

ನಿನ್ನ ಅಜ್ಜ ಆಗ ಎಂಟನೇ ಕ್ಲಾಸು. ಸ್ಕೂಲು ತಪ್ಪಿಸಿ ಕೋಟೆಗೆ ಶೂಟಿಂಗ್ ನೋಡಲು ಹೋಗಿದ್ದರಂತೆ. ಅವರ ಬಾಯಲ್ಲಿ ಈ ಕತೆ ವರ್ಷ ವರ್ಷ ಬೆಳೆಯುತ್ತಾ ಬಂದಿದೆ. ಒಂದು ಸಲ ವಿಷ್ಣು ನನ್ನ ಭುಜ ತಟ್ಟಿದರು ಅಂದಿದ್ದೂ ಉಂಟು. ನಾನು ಬಿಡದೆ ಕೇಳಿದಾಗ ನಿಜ ಹೊರಗೆ ಬಂತು. ದೂರದ ಬಂಡೆ ಮೇಲೆ ನಿಂತಿದ್ದರು, ಬಿಸಿಲು, ಒಂದಷ್ಟು ಜನ, ಒಂದು ದೊಡ್ಡ ಕೊಡೆ. ಕೊಡೆ ಕೆಳಗೆ ಯಾರಿದ್ದರೋ ಕಾಣಲಿಲ್ಲ. ಮನೆಗೆ ಬಂದ ಮೇಲೆ ಏಟು ಮಾತ್ರ ಸರಿಯಾಗಿ ಬಿತ್ತು.

ರಾಮಾಚಾರಿ ಒಳ್ಳೆಯ ಹುಡುಗನೇ, ಆದರೆ ಮೂಗಿನ ತುದಿಯಲ್ಲೇ ಸಿಟ್ಟು. ಊರಿಗೆಲ್ಲಾ ಅವನು ಪೋಲಿ. ಅವನನ್ನು ನಂಬುವವರು ಚಾಮಯ್ಯ ಮೇಷ್ಟ್ರು ಒಬ್ಬರೇ. ಆ ಪಾತ್ರ ಕೆ.ಎಸ್. ಅಶ್ವತ್ಥ್ ಅವರದು. ಅವರಿಬ್ಬರೂ ಒಟ್ಟಿಗಿರುವ ದೃಶ್ಯ ಬಂದರೆ ನಾನು ಈಗಲೂ ಅಡುಗೆ ಬಿಟ್ಟು ಟಿವಿ ಮುಂದೆ ನಿಲ್ಲುತ್ತೇನೆ. ವಿಷ್ಣು ಅವರ ಕಣ್ಣನ್ನು ನೋಡಬೇಕು. ಸಿಟ್ಟಿನಲ್ಲಿ ಉರಿಯುತ್ತಿರುತ್ತದೆ, ಮೇಷ್ಟ್ರು ಬಂದರೆ ಕೂಸಿನ ಕಣ್ಣಾಗುತ್ತದೆ.

ಆದರೆ ಒಂದು ಮಾತು ಹೇಳಲೇಬೇಕು. ರಾಮಾಚಾರಿಗೆ ಅಲಮೇಲು ಅಂದರೆ ಪ್ರಾಣ. ಅವಳಿಗೂ ಅಷ್ಟೇ. ಜಾತಿ ಅಡ್ಡ ಬರುತ್ತದೆ. ಮೇಷ್ಟ್ರು ಅವಳನ್ನು ಬಿಟ್ಟುಬಿಡು ಅಂತಾರೆ, ಇವನು ಬಿಟ್ಟುಕೊಡುತ್ತಾನೆ. ಎಲ್ಲರೂ ಅವನ ತ್ಯಾಗಕ್ಕೆ ಕಣ್ಣೀರು ಹಾಕುತ್ತಾರೆ. ನಿನ್ನಷ್ಟಿದ್ದಾಗ ನಾನೂ ಅತ್ತಿದ್ದೆ. ಈಗ ನೋಡಿದರೆ ಹೊಟ್ಟೆ ಉರಿಯುತ್ತದೆ. ಅಲಮೇಲುವನ್ನು ಯಾರು ಕೇಳಿದರು? ಮದುವೆಯಾಗಿ ಹೋದ ಮನೆಯಲ್ಲಿ ಅವಳಿಗೆ ತುಂಬಾ ಕೆಟ್ಟದಾಗುತ್ತದೆ. ಅದನ್ನು ನೀನು ದೊಡ್ಡವಳಾದ ಮೇಲೆ ನೋಡುವೆಯಂತೆ. ಅದೇ ಸಿನಿಮಾದಲ್ಲಿ ಅಲಮೇಲುವನ್ನು ಕಾಡುವ ಜಲೀಲನಾಗಿ ಅಂಬರೀಶ್ ಮೊದಲ ಸಲ ತೆರೆಗೆ ಬಂದರು. ನಿನ್ನ ಮಾವ ಮದುವೆ ಮನೆಗಳಲ್ಲಿ ಜಲೀಲನ ಡೈಲಾಗ್ ಹೊಡೆದು ನಗಿಸುತ್ತಾನಲ್ಲ, ನನಗೆ ಅದು ಹಿಡಿಸುವುದಿಲ್ಲ. ಅವನಿಗೂ ಹೇಳಿದ್ದೇನೆ.

ತ.ರಾ.ಸು. ಅವರಿಗೂ ಸಿನಿಮಾ ಹಿಡಿಸಲಿಲ್ಲವಂತೆ. ನನ್ನ ನಾಗರಹಾವನ್ನು ಕೇರೆಹಾವು ಮಾಡಿದರು ಅಂದರು ಅನ್ನುವ ಮಾತು ದುರ್ಗದಲ್ಲಿ ಈಗಲೂ ಓಡಾಡುತ್ತದೆ. ಬೈಯುತ್ತಲೇ ಪ್ರೀತಿಸಬಹುದು ಪುಟ್ಟಿ. ನಾನು ಈ ಸಿನಿಮಾ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ.

ಓಬವ್ವನ ಕಿಂಡಿಗೆ ಹೋದಾಗ ನೀನು ಒಳಗೆ ತೂರಿ ಈಚೆ ಬರಲ್ಲ ಅಂತ ಹಟ ಮಾಡಿದ್ದೆ, ನೆನಪಿದೆಯಾ? ನಮ್ಮವರಿಗೆ ಓಬವ್ವ ಮೊದಲಿಂದಲೂ ಗೊತ್ತು. ಆದರೆ ಬೇರೆ ಊರಿನ ಎಷ್ಟೋ ಮಕ್ಕಳು ಅವಳನ್ನು ಮೊದಲು ಕಂಡಿದ್ದು ಈ ಸಿನಿಮಾದ ಹಾಡಿನಲ್ಲಿ. ಪಿ.ಬಿ. ಶ್ರೀನಿವಾಸ್ ಹಾಡಿದ್ದು, ಒನಕೆ ಹಿಡಿದು ನಿಂತವರು ಜಯಂತಿ. ಪ್ರವಾಸಕ್ಕೆ ಬಂದ ಮಕ್ಕಳು ಕಿಂಡಿ ಮುಂದೆ ಈಗಲೂ ಅದನ್ನೇ ಹಾಡುತ್ತಾರೆ.

ಆಮೇಲೆ ವಿಷ್ಣು 200ಕ್ಕೂ ಹೆಚ್ಚು ಸಿನಿಮಾ ಮಾಡಿದರು. 2009ರ ಡಿಸೆಂಬರ್ 30ರಂದು ಮೈಸೂರಿನಲ್ಲೇ ತೀರಿಕೊಂಡರು. ಸ್ಮಾರಕಕ್ಕಾಗಿ ಅವರ ಮನೆಯವರು, ಅಭಿಮಾನಿಗಳು 2023ರವರೆಗೆ ಕಾಯಬೇಕಾಯಿತು. ಕರ್ನಾಟಕ ರತ್ನ ಘೋಷಣೆಯಾಗಿದ್ದು 2025ರಲ್ಲಿ. ಸರ್ಕಾರ ಇಷ್ಟೆಲ್ಲಾ ತಡ ಮಾಡಿದಾಗಲೂ ಆಟೋ ಸ್ಟ್ಯಾಂಡಿನವರು ಒಂದು ವರ್ಷವೂ ಕೇಕ್ ತಪ್ಪಿಸಲಿಲ್ಲ.

ಭಾನುವಾರ ಬೆಳಿಗ್ಗೆ ಕೋಟೆಗೆ ಹೋಗೋಣ. ಬಿಸಿಲೇರುವ ಮುಂಚೆ ಹತ್ತಬೇಕು. ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿಯಬೇಡ, ಕೋತಿ ಬಿಡಲ್ಲ. ಅಜ್ಜನೂ ಬರ್ತಾರಂತೆ. ಆ ಕೊಡೆ ಎಲ್ಲಿತ್ತು ಅಂತ ಕೇಳು, ತೋರಿಸುತ್ತಾರೆ. ಪ್ರತಿ ಸಲ ಬೇರೆ ಬೇರೆ ಬಂಡೆ ತೋರಿಸುತ್ತಾರೆ, ನಗಬೇಡ.

ನಿನ್ನ
ಅಮ್ಮ